ಸಣ್ಣಕತೆ ಬರೆದು ಮುಗಿಸುವುದು ಹೇಗೆ? ಮೊದಲ ಟಿಪ್ಪಣಿಯಿಂದ ಪತ್ರಿಕೆಗೆ ಕಳಿಸುವವರೆಗೆ

ಕತೆ ಬರೆಯಬೇಕು ಅಂತ ಆಸೆ ಇರುವವರು ತುಂಬಾ ಜನ. ಅವರಲ್ಲಿ ಹೆಚ್ಚಿನವರ ಹತ್ತಿರ ಅರ್ಧ ಬರೆದ ಕತೆಗಳಿರುತ್ತವೆ, ಮುಗಿದ ಕತೆ ಇರುವುದಿಲ್ಲ. ಇದಕ್ಕೆ ಪ್ರತಿಭೆ ಸಾಲದು ಅನ್ನುವ ಕಾರಣ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಮೊದಲ ಪುಟವನ್ನೇ ತಿದ್ದುತ್ತಾ ಕೂರುತ್ತಾರೆ, ಒಂದೆರಡು ವಾರದಲ್ಲಿ ಆ ಪುಟ ನೋಡಿದರೇ ಬೇಜಾರು ಬರುತ್ತದೆ, ಕತೆ ಅಲ್ಲಿಗೆ ನಿಲ್ಲುತ್ತದೆ. ಅದಕ್ಕೇ ಇಲ್ಲಿ ಹೇಳುವ ಅಭ್ಯಾಸಗಳೆಲ್ಲ ಒಂದೇ ಉದ್ದೇಶಕ್ಕೆ: ಕತೆಯನ್ನು ಹೇಗಾದರೂ ಸರಿ ಒಮ್ಮೆ ಕೊನೆ ಮುಟ್ಟಿಸಬೇಕು, ಆಮೇಲೆ ಅದನ್ನು ಪಕ್ಕಕ್ಕಿಟ್ಟು ಖಾಲಿ ಹಾಳೆಯಲ್ಲಿ ಇನ್ನೊಮ್ಮೆ ಬರೆಯಬೇಕು. ಎರಡನೇ ಸಲ ಬರೆದದ್ದೇ ನಿಜವಾದ ಕತೆ.

ನೌಕರಿ, ಮನೆ, ಮಕ್ಕಳು ಇದ್ದಾಗ ಇದೆಲ್ಲ ಎಲ್ಲಿಂದ ಅಂತ ಕೇಳಬಹುದು. ಕನ್ನಡದ ಕತೆಗಾರರಲ್ಲಿ ಬರವಣಿಗೆಯಿಂದಲೇ ಹೊಟ್ಟೆ ಹೊರೆದವರು ಬಹಳ ಕಡಿಮೆ. ಮಾಸ್ತಿ 1943ರವರೆಗೆ ಮೈಸೂರು ಸಂಸ್ಥಾನದ ಅಧಿಕಾರಿ. ಯಶವಂತ ಚಿತ್ತಾಲರು ಮುಂಬೈಯಲ್ಲಿ ಪಾಲಿಮರ್ ತಂತ್ರಜ್ಞರಾಗಿದ್ದುಕೊಂಡೇ ತಮ್ಮೂರು ಹನೇಹಳ್ಳಿಯ ಕತೆಗಳನ್ನು ಬರೆದರು. ಬಾನು ಮುಷ್ತಾಕ್ ಹಾಸನದಲ್ಲಿ ವಕೀಲರು. 2025ರ ಅಂತಾರಾಷ್ಟ್ರೀಯ ಬೂಕರ್ ಬಂದ ಅವರ ಸಂಕಲನದಲ್ಲಿರುವುದು ಹನ್ನೆರಡು ಕತೆ, ಅವು 1990ರಿಂದ 2023ರವರೆಗೆ ಬರೆದವು. ಅಂದರೆ ದಿನವಿಡೀ ಖಾಲಿ ಇರಬೇಕಾಗಿಲ್ಲ, ದಿನಕ್ಕೆ ಒಂದು ತುಂಡು ಹೊತ್ತು ಸಾಕು. ಆದರೆ ಅದು ತಪ್ಪಬಾರದು.

1. ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ

ಮುಕ್ಕಾಲು ಗಂಟೆ ಸಾಕು. ಬೆಳಿಗ್ಗೆ ಮನೆಯವರು ಏಳುವ ಮುಂಚೆಯೋ, ರಾತ್ರಿ ಪಾತ್ರೆ ತೊಳೆದಾದ ಮೇಲೋ, ಮೆಟ್ರೋದಲ್ಲೋ, ಯಾವುದಾದರೂ ಸರಿ, ಆದರೆ ದಿನಾ ಅದೇ ಹೊತ್ತಾಗಿರಲಿ. ಮೂಡ್ ಬಂದಾಗ ಬರೆಯುತ್ತೇನೆ ಅನ್ನುವವರಿಗೆ ಮೂಡ್ ಬರುವುದು ಮನೆಗೆ ನೆಂಟರು ಬಂದ ದಿನವೇ. ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂತರೆ ಸ್ವಲ್ಪ ದಿನದಲ್ಲಿ ಮನಸ್ಸು ತಾನಾಗೇ ಆ ಕೆಲಸಕ್ಕೆ ಬರುತ್ತದೆ.

ಆ ಹೊತ್ತಿನಲ್ಲಿ ಫೋನ್ ಬೇರೆ ಕೋಣೆಯಲ್ಲಿರಲಿ. ಫೋನಿನಲ್ಲೇ ಬರೆಯುವವರಾದರೆ ಇಂಟರ್ನೆಟ್ ಆಫ್ ಮಾಡಿ.

ಗುರಿ ಚಿಕ್ಕದಾಗಿರಲಿ, ದಿನಕ್ಕೆ 250ರಿಂದ 300 ಪದ. ಪತ್ರಿಕೆಗೆ ಹೊಂದುವ ಸಣ್ಣಕತೆ ಸಾಮಾನ್ಯವಾಗಿ 2000ದಿಂದ 3500 ಪದ ಅಂದುಕೊಂಡರೆ, ಹತ್ತು ಹನ್ನೆರಡು ದಿನದಲ್ಲಿ ಮೊದಲ ಕರಡು ಕೈಗೆ ಬಂತು. ಬರವಣಿಗೆ ಸರಾಗವಾಗಿ ಹೋಗುತ್ತಿದ್ದರೂ ಗುರಿ ಮುಟ್ಟಿದ ಮೇಲೆ ನಿಲ್ಲಿಸಿ, ಅದೂ ಮುಂದಿನ ಸಾಲು ಏನು ಅಂತ ಗೊತ್ತಿರುವಾಗಲೇ. ಆ ಸಾಲಿನ ಎರಡು ಮೂರು ಪದವನ್ನು ಹಾಳೆಯ ಕೆಳಗೆ ಗೀಚಿಟ್ಟು ಏಳಿ. ಮಾರನೇ ದಿನ ಖಾಲಿ ತಲೆಯಲ್ಲಿ ಕೂರುವ ಕಷ್ಟ ಇರುವುದಿಲ್ಲ. ಈ ಒಂದು ಅಭ್ಯಾಸ ಮಾಡಿಕೊಂಡರೂ ಸಾಕು, ಅರ್ಧಕ್ಕೆ ಬಿಡುವ ಕತೆಗಳು ಕಡಿಮೆಯಾಗುತ್ತವೆ.

ಕೈಯಲ್ಲಿ ಬರೆಯಬೇಕಾ, ಟೈಪ್ ಮಾಡಬೇಕಾ? ನಾನು ಮೊದಲ ಕರಡನ್ನು ಕೈಯಲ್ಲೇ ಬರೆಯುತ್ತೇನೆ. ನೋಟ್‌ಬುಕ್ಕಿನ ಬಲ ಪುಟದಲ್ಲಿ ಕತೆ, ಎಡ ಪುಟ ಖಾಲಿ. ಬರೆಯುವಾಗ ಹೊಳೆಯುವ ತಿದ್ದುಪಡಿಗಳೆಲ್ಲ ಎಡಕ್ಕೆ ಹೋಗುತ್ತವೆ, ಬಲದ ಬರವಣಿಗೆ ನಿಲ್ಲುವುದಿಲ್ಲ. ಟೈಪ್ ಮಾಡುವವರು ಶುರುವಿನಿಂದಲೇ ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆಯಲ್ಲಿ ಮಾಡಿ. ಕನ್ನಡ ಟೈಪ್ ಮಾಡುವ ನುಡಿ, ಬರಹ ತಂತ್ರಾಂಶಗಳಲ್ಲೂ ಯುನಿಕೋಡ್ ಆಯ್ಕೆ ಇದೆ. ಹಳೆಯ ಫಾಂಟಿನಲ್ಲಿ ಬರೆದಿಟ್ಟರೆ ಮುಂದೆ ಹುಡುಕುವುದಕ್ಕೂ ಆಗುವುದಿಲ್ಲ, ಫೋನಿನಲ್ಲಿ ಓದುವುದಕ್ಕೂ ಆಗುವುದಿಲ್ಲ. ಮಾತಾಡಿ ಟೈಪ್ ಮಾಡಿಸುವ ಸೌಲಭ್ಯ ಈಗ ಕನ್ನಡಕ್ಕೂ ಇದೆ. ನಿರೂಪಣೆಗೆ ಪರವಾಗಿಲ್ಲ. ಸಂಭಾಷಣೆಗೆ ಮಾತ್ರ ಅದನ್ನು ನಂಬಬೇಡಿ, ನಾವು ಆಡಿದ ಊರಿನ ಮಾತನ್ನು ಅದು ಎಷ್ಟೋ ಸಲ ಪುಸ್ತಕದ ಮಾತು ಮಾಡಿಬಿಡುತ್ತದೆ.

2. ಟಿಪ್ಪಣಿ ಪುಸ್ತಕದಲ್ಲಿ ಏನು ಬರೆದಿಡಬೇಕು

ಜೇಬಿಗೆ ಹಿಡಿಯುವ ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ಅದರಲ್ಲಿ 'ಬದುಕು ಎಷ್ಟು ವಿಚಿತ್ರ' ಅನ್ನುವಂಥ ಸಾಲುಗಳನ್ನು ಬರೆಯಬೇಡಿ, ಆರು ತಿಂಗಳ ನಂತರ ಓದಿದರೆ ಅದರಿಂದ ಏನೂ ಹುಟ್ಟುವುದಿಲ್ಲ. ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೇ ಬರೆದುಕೊಳ್ಳಿ. ಯಾರು, ಎಲ್ಲಿ, ಸುಮಾರು ಎಷ್ಟು ವಯಸ್ಸು ಅನ್ನುವುದನ್ನು ಪಕ್ಕದಲ್ಲಿ ಹಾಕಿ. ಜನ ಕೈಯಲ್ಲಿ ಏನು ಮಾಡುತ್ತಿದ್ದರು ಅನ್ನುವುದನ್ನೂ ಬರೆಯಿರಿ: ಹೂ ಕಟ್ಟುತ್ತಾ ಜಗಳ ಆಡುತ್ತಿದ್ದರಾ, ಬಸ್ ಟಿಕೆಟ್ಟನ್ನು ಸುರುಳಿ ಸುತ್ತುತ್ತಾ ಮಗನ ಸುದ್ದಿ ಹೇಳುತ್ತಿದ್ದರಾ? ವಸ್ತುಗಳ ಬೆಲೆ, ಅಂಗಡಿಯ ಬೋರ್ಡು, ಆಸ್ಪತ್ರೆಯ ಚೀಟಿಯಲ್ಲಿದ್ದ ಒಕ್ಕಣೆ, ಇವೆಲ್ಲ ಮುಂದೆ ಕೆಲಸಕ್ಕೆ ಬರುತ್ತವೆ.

ವಾರಕ್ಕೊಮ್ಮೆ ಅದನ್ನು ಕೂತು ಓದಿ. ಓದುವಾಗ ಎಲ್ಲಿ ತಡೆದು ನಿಲ್ಲುತ್ತೀರೋ ಅಲ್ಲೊಂದು ಗುರುತು ಹಾಕಿ. ಒಂದೇ ಸಾಲಿಗೆ ಮೂರು ನಾಲ್ಕು ಸಲ ಗುರುತು ಬಿತ್ತು ಅಂದರೆ ಅಲ್ಲಿ ಕತೆ ಇದೆ.

ಒಂದು ಉದಾಹರಣೆ ಹಿಡಿದುಕೊಂಡೇ ಮುಂದೆ ಹೋಗೋಣ. ಹಾಸನದ ಕಡೆಯ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕೇಳಿದ ಮಾತು ಅಂದುಕೊಳ್ಳಿ: 'ಮುಯ್ಯಿ ಬರೆಸ್ದ, ಊಟ ಮಾಡ್ದೆ ಹೊಂಟೋದ.' ಅಷ್ಟೇ. ಮುಯ್ಯಿ ಅಂದರೆ ಮದುವೆಮನೆಯಲ್ಲಿ ಕೊಡುವ ಉಡುಗೊರೆ ದುಡ್ಡು, ಪಡೆದವರು ಮುಂದೆ ತಿರುಗಿ ಹಾಕಬೇಕಾದದ್ದು. ಮದುವೆಗೆ ಬಂದು ಮುಯ್ಯಿ ಹಾಕಿ ಉಣ್ಣದೆ ಹೋದವನು ಯಾರು? ಮುಯ್ಯಿ ಮುರಿಯಬಾರದು ಅಂತ ಬಂದಿದ್ದಾನೆ, ಆದರೆ ಆ ಮನೆಯ ಅನ್ನ ಮುಟ್ಟುವುದಿಲ್ಲ ಅಂತ ಹೋಗಿದ್ದಾನೆ. ಒಂದೇ ಸಾಲಿನಲ್ಲಿ ಸಂಬಂಧವೂ ಇದೆ, ಮುನಿಸೂ ಇದೆ.

ಒಂದು ಎಚ್ಚರಿಕೆ. ಕೇಳಿದ ಮಾತು ನಿಮ್ಮದಾಗಬಹುದು, ಆ ಮನುಷ್ಯರ ಬದುಕು ನಿಮ್ಮದಲ್ಲ. ಹೆಸರು, ಊರು, ಕೆಲಸ, ಮಕ್ಕಳ ಸಂಖ್ಯೆ ಎಲ್ಲವನ್ನೂ ಬದಲಿಸಿ. ನೆಂಟರ ಮನೆಯ ವಿಷಯವಾದರಂತೂ ಅವರಿಗೇ ಗುರುತು ಸಿಗದಷ್ಟು ಬದಲಿಸಿ.

3. ಸಾಲಿನಿಂದ ಕತೆಗೆ

ಸಾಲು ಸಿಕ್ಕ ತಕ್ಷಣ ಬರೆಯಲು ಕೂರಬೇಡಿ. ಮೊದಲು ಅದಕ್ಕೆ ಪ್ರಶ್ನೆ ಹಾಕಿ, ಉತ್ತರಗಳನ್ನು ಕಾಗದದ ಮೇಲೆ ಬರೆಯಿರಿ. ಇವನು ಯಾರು? ಮದುವೆ ಹುಡುಗಿಯ ಚಿಕ್ಕಪ್ಪ ಅನ್ನೋಣ, ಹೆಸರು ಪುಟ್ಟರಾಜು. ಯಾಕೆ ಮುನಿಸು? ಜಮೀನು ಭಾಗವಾದಾಗ ಬೋರ್‌ವೆಲ್ ಇರುವ ತುಂಡು ಅಣ್ಣ ಕೃಷ್ಣೇಗೌಡನಿಗೆ ಹೋಯಿತು. ಹಾಗಾದರೆ ಇವತ್ತು ಯಾಕೆ ಬಂದ? ಬಹುಶಃ ಈ ಹುಡುಗಿಯನ್ನು ಎತ್ತಿ ಆಡಿಸಿದವನು. ಅಥವಾ ತನ್ನ ಮಗಳ ಮದುವೆಗೆ ಅಣ್ಣ ಹಾಕಿದ ಮುಯ್ಯಿ ತೀರಿಸಲೇಬೇಕು. ಎರಡೂ ಇರಬಹುದು, ಯಾವುದು ಜಾಸ್ತಿ ಅಂತ ಅವನಿಗೇ ತಿಳಿಯದೆಯೂ ಇರಬಹುದು. ಈ ಗೊಂದಲದಲ್ಲೇ ಕತೆ ಇರುವುದು, ಅದನ್ನು ಬಿಡಿಸಲು ಹೋಗಬೇಡಿ.

'ಇವತ್ತೇ ಯಾಕೆ?' ಅನ್ನುವ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಹತ್ತು ವರ್ಷದ ಮುನಿಸು ಕತೆಯಾಗಲ್ಲ. ಆ ಮುನಿಸು ಇಟ್ಟುಕೊಂಡು ಛತ್ರದ ಮೆಟ್ಟಿಲು ಹತ್ತಿದ ಒಂದು ಸಂಜೆ ಕತೆಯಾಗುತ್ತದೆ.

ಆಮೇಲೆ, ಇದನ್ನು ಯಾರು ನೋಡುತ್ತಿದ್ದಾರೆ? ಪುಟ್ಟರಾಜುವಿನ ಒಳಗೆ ಕೂತು ಹೇಳಿದರೆ ನೋವು ಹೇಳುವ ಕತೆಯಾಗುತ್ತದೆ. ಅಣ್ಣನ ಕಡೆಯಿಂದ ಹೇಳಿದರೆ ಸಮರ್ಥನೆ ಬರುತ್ತದೆ. ಮುಯ್ಯಿ ಬರೆಯುವವರೊಬ್ಬರು ಇರುತ್ತಾರಲ್ವಾ, ಮೇಜಿನ ಹಿಂದೆ ನೋಟ್‌ಬುಕ್ ಹಿಡಿದು ಹೆಸರು, ಊರು, ಮೊತ್ತ ಬರೆಯುವವರು? ಅವರನ್ನು ಆರಿಸಿಕೊಳ್ಳಿ. ನಿವೃತ್ತ ಮೇಷ್ಟ್ರು ರಂಗಪ್ಪ. ಅಕ್ಷರ ದುಂಡಗಿದೆ ಅಂತ ಊರಿನ ಎಲ್ಲ ಮದುವೆಗೂ ಅವರನ್ನೇ ಕೂರಿಸುತ್ತಾರೆ. ಅಣ್ಣತಮ್ಮಂದಿರಿಬ್ಬರಿಗೂ ಪಾಠ ಹೇಳಿದವರು. ಈಗ ನೋಡಿ, ಆ ಮೇಜಿನ ಹತ್ತಿರ ಬಂದವರನ್ನು ಬಿಟ್ಟು ಬೇರೆ ಏನೂ ಕತೆಗೆ ಕಾಣುವುದಿಲ್ಲ. ಧಾರೆ, ಊಟ, ಓಲಗ ಎಲ್ಲ ದೂರದ ಸದ್ದು. ಒಳ್ಳೆಯ ನಿರೂಪಕ ಸಿಕ್ಕರೆ ಬೇಡದ್ದೆಲ್ಲ ಹಾಗೇ ಉದುರಿಹೋಗುತ್ತದೆ.

ಕೊನೆಗೆ ಇಡೀ ಕತೆಯನ್ನು ಐದು ವಾಕ್ಯದಲ್ಲಿ ಬರೆಯಿರಿ. ಐದಕ್ಕೆ ಹಿಡಿಯದಿದ್ದರೆ ನಿಮ್ಮ ಹತ್ತಿರ ಎರಡು ಕತೆ ಇವೆ, ಒಂದನ್ನು ಎತ್ತಿಡಿ. ಮುಕ್ತಾಯ ಆ ಐದು ವಾಕ್ಯದಲ್ಲಿ ಖಚಿತವಾಗಿರಬೇಕು ಅಂತಿಲ್ಲ, ಸುಮಾರಾಗಿ ಯಾವ ಕಡೆ ಅಂತ ಗೊತ್ತಿದ್ದರೆ ಸಾಕು.

4. ವರ್ಷ ಮತ್ತು ಊರು ನಿಗದಿಮಾಡಿ

ಹೊಸಬರು ಇದನ್ನು ಬಿಟ್ಟುಬಿಡುತ್ತಾರೆ. 'ಒಂದು ಊರಿನಲ್ಲಿ' ಅಂತ ಶುರುಮಾಡಿದರೆ ಬರೆಯುವವರಿಗೇ ಏನೂ ಕಾಣುವುದಿಲ್ಲ. ನಮ್ಮ ಕತೆ ಚನ್ನರಾಯಪಟ್ಟಣದ ಒಂದು ಛತ್ರದಲ್ಲಿ ನಡೆಯಲಿ. ವರ್ಷ?

ವರ್ಷ ಬದಲಾದರೆ ಮೇಜಿನ ಮೇಲಿನ ದುಡ್ಡೇ ಬದಲಾಗುತ್ತದೆ. 2012 ಆದರೆ ಸಾವಿರದ ನೋಟು ಇರುತ್ತದೆ. 2016ರ ನವೆಂಬರ್ 8ರ ರಾತ್ರಿ ಹಳೆಯ ಐನೂರು, ಸಾವಿರದ ನೋಟು ರದ್ದಾದವು, ಅದಾದ ವಾರದಲ್ಲೇ ಮದುವೆ ಇಟ್ಟರೆ ಮುಯ್ಯಿ ಮೇಜಿನಲ್ಲಿ ಬೇರೆಯೇ ಗಲಾಟೆ. 2017 ಆದರೆ ಗುಲಾಬಿ ಬಣ್ಣದ ಎರಡು ಸಾವಿರದ ನೋಟು. 2023ರ ಮೇ ತಿಂಗಳಲ್ಲಿ ಅದನ್ನೂ ಹಿಂದಕ್ಕೆ ತೆಗೆದುಕೊಳ್ಳುವ ಘೋಷಣೆಯಾಯಿತು. ಈಗಿನ ಮದುವೆಯಾದರೆ ಮೇಜಿನ ಮೇಲೆ ಕ್ಯೂಆರ್ ಕೋಡ್ ಇಟ್ಟರೂ ಇಟ್ಟಾರು, ಆಗ ಪುಟ್ಟರಾಜು ಛತ್ರಕ್ಕೆ ಬರದೆಯೇ ಫೋನ್‌ಪೇ ಮಾಡಿ ಮುಗಿಸಬಹುದಲ್ಲ! ಅದು ಇನ್ನೊಂದು ಕತೆ, ಬೇಕಾದರೆ ಅದನ್ನೂ ಬರೆಯಿರಿ. ಪುಟ್ಟರಾಜು ನೋಟನ್ನು ಹಾಗೇ ಕೈಯಲ್ಲಿ ಕೊಡದೆ, ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರನ್ನು ಕೊಂಡು ತಂದಿದ್ದಾನೆ ಅಂದರೆ, ಅದರಲ್ಲೇ ಅವನ ಮನಸ್ಸು ಕಾಣುತ್ತದೆ.

ಗೊತ್ತಿಲ್ಲದ್ದನ್ನು ಹೋಗಿ ನೋಡಿ ಬನ್ನಿ. ಭೈರಪ್ಪನವರು 1979ರಲ್ಲಿ ಪ್ರಕಟವಾದ 'ಪರ್ವ'ಕ್ಕಾಗಿ ಉತ್ತರ ಭಾರತದ ಜಾಗಗಳನ್ನು ಸುತ್ತಿ ಬಂದಿದ್ದರು. ಸಣ್ಣಕತೆಗೆ ಅಷ್ಟು ಬೇಕಿಲ್ಲ, ಒಂದು ಛತ್ರದಲ್ಲಿ ಒಂದು ಸಂಜೆ ಮುಯ್ಯಿ ಮೇಜಿನ ಪಕ್ಕ ನಿಂತರೆ ಸಾಕು. ಪಹಣಿಯಲ್ಲಿ ಏನೇನು ಇರುತ್ತದೆ, ಭಾಗ ಆದಾಗ ಏನೇನು ಕಾಗದ ಮಾಡಿಸುತ್ತಾರೆ ಅನ್ನುವುದನ್ನು ತಿಳಿದವರನ್ನು ಕೇಳಿಟ್ಟುಕೊಳ್ಳಿ. ತಿಳಿದದ್ದರಲ್ಲಿ ಹತ್ತರಲ್ಲೊಂದು ಭಾಗ ಕತೆಗೆ ಬಂದರೆ ಹೆಚ್ಚು. ಉಳಿದದ್ದು ನಿಮ್ಮ ಧೈರ್ಯಕ್ಕೆ.

5. ಮೊದಲ ಕರಡು: ಹಿಂದೆ ತಿರುಗಿ ನೋಡಬೇಡಿ

ನಿಯಮ ಒಂದೇ. ಕೊನೆ ಮುಟ್ಟುವವರೆಗೆ ಹಿಂದಿನ ಪುಟ ಓದುವಂತಿಲ್ಲ, ನಿನ್ನೆ ಬರೆದ ಕೊನೆಯ ಪ್ಯಾರಾ ಒಂದನ್ನು ಬಿಟ್ಟು. ಪದ ಸಿಗದಿದ್ದರೆ ನಿಘಂಟು ತೆಗೆಯಬೇಡಿ, ಅಲ್ಲೊಂದು ಗೆರೆ ಎಳೆದು ಮುಂದೆ ಹೋಗಿ. ಪಾತ್ರದ ಹೆಸರು ಮಧ್ಯದಲ್ಲಿ ಬದಲಾಯಿಸಬೇಕು ಅನಿಸಿತಾ, ಅಲ್ಲಿಂದ ಹೊಸ ಹೆಸರು ಬರೆಯಿರಿ, ಹಿಂದಿನದನ್ನು ಮುಟ್ಟಬೇಡಿ.

ಕತೆಯನ್ನು ಆದಷ್ಟು ತಡವಾಗಿ ಶುರುಮಾಡಿ. ಬೆಳಗಾಯಿತು, ಕೋಳಿ ಕೂಗಿತು, ಮೇಷ್ಟ್ರು ಎದ್ದು ಸ್ನಾನ ಮಾಡಿದರು, ಬಸ್ ಹತ್ತಿದರು, ಇದೆಲ್ಲ ಬೇಡ. ಮೇಷ್ಟ್ರು ಮೇಜಿನ ಹಿಂದೆ ಕೂತಾಗಿದೆ, ಅರ್ಧ ನೋಟ್‌ಬುಕ್ ತುಂಬಿದೆ, ಪೆನ್ನು ಸರಿಯಾಗಿ ಬರೆಯುತ್ತಿಲ್ಲ, ಅಲ್ಲಿಂದ ಶುರು. ಹಿಂದಿನ ಸಂಗತಿ ಬೇಕಾದಾಗ ಒಂದೊಂದೇ ಸಾಲಾಗಿ ಬರಲಿ.

ಮಧ್ಯದಲ್ಲಿ ಖಂಡಿತ ಸಿಕ್ಕಿಕೊಳ್ಳುತ್ತೀರಿ. ಎಲ್ಲರೂ ಅಲ್ಲೇ ಕತೆ ಬಿಡುವುದು. ಆಗ ಪಾತ್ರದ ಕೈಗೆ ಒಂದು ವಸ್ತು ಕೊಟ್ಟು ನೋಡಿ, ಅಥವಾ ಹೊಸದಾಗಿ ಒಬ್ಬರನ್ನು ಆ ಜಾಗಕ್ಕೆ ಕಳಿಸಿ. ಮೇಷ್ಟ್ರ ಮೇಜಿಗೆ ಕೃಷ್ಣೇಗೌಡನ ಮಗ ಬಂದು, ಚಿಕ್ಕಪ್ಪನ ಮಗಳ ಮದುವೆಯ ಹಳೆಯ ಮುಯ್ಯಿ ಪುಸ್ತಕ ಇಟ್ಟು, 'ಇದ್ರಲ್ಲಿ ನಮ್ಮಪ್ಪ ಎಷ್ಟ್ ಹಾಕಿದ್ರು ನೋಡಿ ಮೇಷ್ಟ್ರೇ' ಅಂದರೆ ಕತೆ ಮತ್ತೆ ನಡೆಯುತ್ತದೆ. ಆ ಪುಸ್ತಕ ಇವರ ಮನೆಗೆ ಹೇಗೆ ಬಂತು ಅನ್ನುವುದು ಹೊಸ ಪ್ರಶ್ನೆ, ಒಳ್ಳೆಯ ಪ್ರಶ್ನೆ. ಹಾಗೆ ಮಾಡಿಯೂ ನಡೆಯದಿದ್ದರೆ, ನಿಮ್ಮ ಪಾತ್ರಕ್ಕೆ ಈ ಸಂಜೆ ಏನು ಬೇಕಾಗಿದೆ ಅನ್ನುವುದು ನಿಮಗೆ ಇನ್ನೂ ಗೊತ್ತಿಲ್ಲ. ಮೇಷ್ಟ್ರಿಗೆ ಏನು ಬೇಕು? ಇಬ್ಬರೂ ತನ್ನ ಶಿಷ್ಯರು, ಅವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲಿ ಅಂತ. ಇಷ್ಟು ಗೊತ್ತಾದರೆ ಅವರ ಪ್ರತಿ ಮಾತಿಗೂ ಒಂದು ದಾರಿ ಸಿಗುತ್ತದೆ.

6. ಯಾವ ಕನ್ನಡದಲ್ಲಿ ಬರೆಯಬೇಕು?

ಬೇರೆ ಭಾಷೆಯ ಕೈಪಿಡಿಗಳನ್ನು ಓದಿ ಕತೆ ಬರೆಯಲು ಹೊರಟವರಿಗೆ ಈ ವಿಷಯದಲ್ಲಿ ಯಾರೂ ಏನೂ ಹೇಳಿರುವುದಿಲ್ಲ. ಕನ್ನಡದಲ್ಲಿ ಕತೆಯ ಅರ್ಧ ಕೆಲಸ ಇಲ್ಲೇ ಇದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಎರಡು ತೀರ್ಮಾನ ಮಾಡಬೇಕು. ನಿರೂಪಣೆ ಯಾವ ಕನ್ನಡದಲ್ಲಿ, ಮಾತುಕತೆ ಯಾವ ಕನ್ನಡದಲ್ಲಿ? ಹೆಚ್ಚಿನ ಕತೆಗಾರರು ನಿರೂಪಣೆಗೆ ಬರವಣಿಗೆಯ ಕನ್ನಡ, ಮಾತಿಗೆ ಊರಿನ ಕನ್ನಡ ಇಟ್ಟುಕೊಳ್ಳುತ್ತಾರೆ. ದೇವನೂರ ಮಹಾದೇವರು 1984ರ 'ಕುಸುಮಬಾಲೆ'ಯಲ್ಲಿ ನಿರೂಪಣೆಯನ್ನೂ ನಂಜನಗೂಡು ಸೀಮೆಯ ಆಡುಮಾತಿಗೇ ತಂದರು. ವೈದೇಹಿಯವರ ಕತೆಗಳಲ್ಲಿ ಕುಂದಾಪುರದ ಕನ್ನಡ ಉಸಿರಾಡುತ್ತದೆ. ಅವರಿಗೆ ಆ ಮಾತು ಹುಟ್ಟಿನಿಂದ ಬಂದದ್ದು. ನಿಮಗೆ ಯಾವ ಊರಿನ ಮಾತು ಮನೆಯಲ್ಲಿ ಬಂದಿದೆಯೋ ಅದನ್ನು ಧೈರ್ಯವಾಗಿ ಹಾಕಿ. ಬಾರದ ಊರಿನ ಮಾತನ್ನು ಸಿನಿಮಾ ನೋಡಿ ಕಲಿತು ಹಾಕಬೇಡಿ. 'ಏನ್ ಮಾಡಾಕತ್ತೀರಿ' ಅಂತ ಒಂದು ಸಾಲು ಹಾಕಿ, ಮುಂದಿನ ಸಾಲಿನಲ್ಲಿ ಅದೇ ಪಾತ್ರ 'ಏನ್ ಮಾಡ್ತಿದ್ದೀರ' ಅಂದರೆ ಧಾರವಾಡದ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಮಂಗಳೂರಿನ ಪಾತ್ರ ಅಂತ ಎಲ್ಲ ವಾಕ್ಯಕ್ಕೂ 'ಮಾರಾಯ್ರೆ' ಸೇರಿಸುವುದೂ ಅಷ್ಟೇ ಕೆಟ್ಟದ್ದು.

ಒಂದು ಹಾಳೆ ತೆಗೆದುಕೊಂಡು ಆ ಕತೆಗೆ ಮಾತ್ರ ಒಂದು ಪಟ್ಟಿ ಮಾಡಿ. ಈ ಪಾತ್ರ 'ಹೋಗ್ತೀನಿ' ಅನ್ನುತ್ತದಾ 'ಹೋಯ್ತೀನಿ' ಅನ್ನುತ್ತದಾ? 'ಹೆಸರು' ಅನ್ನುತ್ತದಾ 'ಹೆಸ್ರು' ಅನ್ನುತ್ತದಾ? ಒಮ್ಮೆ ತೀರ್ಮಾನಿಸಿದ್ದನ್ನು ಕೊನೆಯವರೆಗೆ ಬದಲಿಸಬೇಡಿ. ಹಾಗಂತ ಉಚ್ಚಾರಣೆಯನ್ನೆಲ್ಲ ಅಕ್ಷರಕ್ಕೆ ಇಳಿಸುತ್ತಾ ಹೋದರೆ ಓದುವವರು ಒತ್ತಕ್ಷರ ಬಿಡಿಸುವುದರಲ್ಲೇ ಸುಸ್ತಾಗುತ್ತಾರೆ. ವಾಕ್ಯಕ್ಕೆ ಒಂದೆರಡು ಪದ ಆ ಊರಿನ ಹಾಗೆ ಬಂದರೆ ಉಳಿದದ್ದನ್ನು ಓದುಗರ ಕಿವಿ ಸೇರಿಸಿಕೊಳ್ಳುತ್ತದೆ.

ಮುಖ್ಯ ಪಾತ್ರಕ್ಕೆ ಏಕವಚನವೋ ಬಹುವಚನವೋ ಅನ್ನುವುದನ್ನೂ ಮೊದಲೇ ನಿರ್ಧರಿಸಿ. 'ಮೇಷ್ಟ್ರು ಬರೆದರು' ಅಂದರೆ ನಾವು ಮೇಜಿನ ಈಚೆ ನಿಂತು ನೋಡುತ್ತಿದ್ದೇವೆ, ಊರಿನವರ ಕಣ್ಣಿನಲ್ಲಿ. 'ರಂಗಪ್ಪ ಬರೆದ' ಅಂದರೆ ಅವರ ಪಕ್ಕದಲ್ಲೋ ಒಳಗೋ ಇದ್ದೇವೆ. ಎರಡನ್ನೂ ಬರೆದು ನೋಡಿ, ಒಂದು ಪುಟ ಹಾಗೆ, ಒಂದು ಪುಟ ಹೀಗೆ. ಕತೆ ಯಾವುದನ್ನು ಕೇಳುತ್ತದೆ ಅಂತ ತಿಳಿಯುತ್ತದೆ.

ಮಾತಿನ ಕೊನೆಯಲ್ಲಿ 'ಅಂದ', 'ಅಂದಳು', 'ಕೇಳಿದ' ಸಾಕು. 'ಉದ್ಗರಿಸಿದ', 'ನುಡಿದನು', 'ಪಿಸುನುಡಿದಳು' ಎಲ್ಲ ತೆಗೆದುಹಾಕಿ. ಕನ್ನಡದ ಕ್ರಿಯಾಪದವೇ ಹೇಳಿದ್ದು ಗಂಡಸೋ ಹೆಂಗಸೋ ಅಂತ ತಿಳಿಸುತ್ತದೆ, ಹಾಗಾಗಿ ಪ್ರತಿ ವಾಕ್ಯಕ್ಕೂ 'ಅವನು', 'ಅವಳು' ಬೇಕಿಲ್ಲ. 'ಕೊಡಲ್ಪಟ್ಟಿತು', 'ಮಾಡಲ್ಪಟ್ಟಿತು' ಅನ್ನುವಂಥವು ಕತೆಯೊಳಗೆ ಬರಲೇಬಾರದು. ಇನ್ನು ಒಬ್ಬರನ್ನೊಬ್ಬರು ಏನಂತ ಕರೆಯುತ್ತಾರೆ ಅನ್ನುವುದು ಒಂದು ಪ್ಯಾರಾ ವಿವರಣೆಯ ಕೆಲಸ ಮಾಡುತ್ತದೆ. ಅಣ್ಣನನ್ನು ಹೆಸರು ಹಿಡಿದು ಕರೆದನಾ, 'ಅಣ್ಣ' ಅಂದನಾ, ಏನೂ ಕರೆಯದೆ ಮಾತಾಡಿದನಾ? ಮುನಿಸಿರುವವರು ಸಾಮಾನ್ಯವಾಗಿ ಮೂರನೆಯದನ್ನು ಮಾಡುತ್ತಾರೆ, ಗಮನಿಸಿ ನೋಡಿ.

ಮೊದಲ ಕರಡಿನಲ್ಲಿ ಬರುವ ಬರವಣಿಗೆ ಹೀಗಿರಬಹುದು:

'ಪುಟ್ಟರಾಜು ದುಃಖ ಮತ್ತು ಕೋಪದಿಂದ ಮೇಜಿನ ಬಳಿ ಬಂದು ನಿಂತನು. ಅವನ ಮನಸ್ಸಿನಲ್ಲಿ ಹಳೆಯ ನೆನಪುಗಳ ಬಿರುಗಾಳಿ ಎದ್ದಿತ್ತು. "ಮೇಷ್ಟ್ರೇ, ದಯವಿಟ್ಟು ನನ್ನ ಹೆಸರನ್ನು ಬರೆದುಕೊಳ್ಳಿ" ಎಂದು ಅವನು ನುಡಿದನು.'

ಇದನ್ನು ಹೀಗೆ ಮಾಡಬಹುದು:

'ಕವರಿನ ಮೇಲೆ ಹೆಸರಿರಲಿಲ್ಲ.

"ಹೆಸ್ರು?" ತಲೆ ಎತ್ತದೆ ಕೇಳಿದರು ಮೇಷ್ಟ್ರು.

"ಬರ್ಕೊಳಿ ಮೇಷ್ಟ್ರೇ. ನಿಮ್ಗ್ ಗೊತ್ತಲ್ಲ."

ಮೇಷ್ಟ್ರ ಪೆನ್ನು ನಿಂತಿತು. ಹಿಂದೆ ನಿಂತವರು ಮಾತು ನಿಲ್ಲಿಸಿದರು.

"ಊರು ಯಾವ್ದು ಅಂತ ಬರೀಲಿ?"

"ಅದೇ ಊರು. ನಾನೇನ್ ಊರ್ ಬಿಟ್ಟಿಲ್ವಲ್ಲ."'

ದುಃಖ, ಕೋಪ ಅನ್ನುವ ಪದ ಎಲ್ಲೂ ಬಂದಿಲ್ಲ. 'ಊರು' ಅನ್ನುವ ಕಾಲಂ ಎಲ್ಲ ಮುಯ್ಯಿ ಪುಸ್ತಕದಲ್ಲೂ ಇರುವ ಸಾದಾ ಕಾಲಂ, ಆ ಪ್ರಶ್ನೆ ಇಲ್ಲಿ ಬೇರೆ ಭಾರ ಹೊತ್ತುಕೊಂಡಿದೆ. ಇಂಥ ಮಾತು ಮನೆಯಲ್ಲಿ ಕೂತು ಯೋಚಿಸಿದರೆ ಸಿಗುವುದು ಕಷ್ಟ. ಮುಯ್ಯಿ ಬರೆಯುವ ಜಾಗದಲ್ಲಿ ಏನು ಕೇಳುತ್ತಾರೆ ಅಂತ ನೋಡಿ ಬಂದಿದ್ದರೆ ತಾನಾಗಿ ಬರುತ್ತದೆ.

7. ಪಕ್ಕಕ್ಕಿಡಿ, ಆಮೇಲೆ ಖಾಲಿ ಹಾಳೆ

ಕರಡು ಮುಗಿದ ಮೇಲೆ ಕಡಿಮೆಯೆಂದರೂ ಎರಡು ವಾರ ಅದನ್ನು ಮುಟ್ಟಬೇಡಿ. ಬರೆದ ಬಿಸಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಈ ಎರಡು ವಾರ ಬೇರೆಯವರ ಕತೆ ಓದಿ. ಸುಮ್ನೆ ಓದುವುದರ ಜೊತೆಗೆ, ತುಂಬಾ ಇಷ್ಟವಾದ ಒಂದು ಪುಟವನ್ನು ಕೈಯಲ್ಲಿ ನಕಲು ಮಾಡಿ. ಆ ಕತೆಗಾರರು ಎಲ್ಲಿ ವಾಕ್ಯ ಮುಗಿಸಿದರು, ಎಲ್ಲಿ ಹೇಳದೆ ಬಿಟ್ಟರು ಅನ್ನುವುದು ಕಣ್ಣಿಗಿಂತ ಕೈಗೆ ಚೆನ್ನಾಗಿ ತಿಳಿಯುತ್ತದೆ.

ಎರಡು ವಾರದ ನಂತರ ಕರಡನ್ನು ಒಂದೇ ಸಲಕ್ಕೆ ಕೂತು ಪೂರ್ತಿ ಓದಿ, ಪಕ್ಕದಲ್ಲಿ ಚಿಕ್ಕ ಗುರುತುಗಳನ್ನು ಮಾತ್ರ ಹಾಕಿ. ಆಮೇಲೆ ಅದನ್ನು ಮುಚ್ಚಿಡಿ. ಹೊಸ ಹಾಳೆಯಲ್ಲಿ ಮೊದಲ ಸಾಲಿನಿಂದ ಬರೆಯಿರಿ, ಹಳೆಯದನ್ನು ನೋಡದೆ. ಕಷ್ಟ ಅನಿಸುತ್ತದೆ, ಹೊಟ್ಟೆಯೂ ಉರಿಯುತ್ತದೆ, ಬರೆದದ್ದೆಲ್ಲ ವ್ಯರ್ಥವಾಯಿತಾ ಅಂತ. ಆದರೆ ನೆನಪಿನಲ್ಲಿ ಉಳಿಯದ ವಾಕ್ಯ ಓದುಗರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ. ಮರೆತುಹೋದ ದೃಶ್ಯ ಬೇಡವಾಗಿದ್ದ ದೃಶ್ಯವೇ. ತಿದ್ದುವುದರಲ್ಲಿ ಇದು ಸಾಧ್ಯವಿಲ್ಲ, ಯಾಕೆಂದರೆ ಮುಂದೆ ಇರುವ ವಾಕ್ಯವನ್ನು ಉಳಿಸಿಕೊಳ್ಳುವ ಆಸೆ ಬಂದೇ ಬರುತ್ತದೆ. ಎರಡನೆಯದು ಮುಗಿದ ಮೇಲೆ ಹಳೆಯದನ್ನು ತೆರೆದು, ಬಿಟ್ಟುಹೋದ ಒಳ್ಳೆಯ ಮಾತೇನಾದರೂ ಇದ್ದರೆ ಎತ್ತಿಕೊಳ್ಳಿ.

ಇನ್ನು ಗಟ್ಟಿಯಾಗಿ ಓದುವುದು. ಫೋನಿನಲ್ಲಿ ರೆಕಾರ್ಡ್ ಮಾಡಿ, ನಡೆಯುತ್ತಾ ಕೇಳಿ. ಓದುವಾಗ ನಾಲಿಗೆ ತಡವರಿಸಿದ ಕಡೆ ವಾಕ್ಯ ಕೆಟ್ಟಿದೆ. ಕೇಳುವಾಗ ಮನಸ್ಸು ಬೇರೆ ಕಡೆ ಹೋದ ಕಡೆ ಕತೆ ಕೆಟ್ಟಿದೆ. ಎರಡಕ್ಕೂ ಮದ್ದು ಬೇರೆ ಬೇರೆ, ಮೊದಲನೆಯದಕ್ಕೆ ಪದ ಸರಿಸಿದರೆ ಆಯಿತು, ಎರಡನೆಯದಕ್ಕೆ ಇಡೀ ಪ್ಯಾರಾ ತೆಗೆಯಬೇಕಾಗಬಹುದು.

ತೆಗೆಯುವಾಗ ಮೊದಲ ಪ್ಯಾರಾ ಮತ್ತು ಕೊನೆಯ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ. ಎಷ್ಟೋ ಕತೆಗಳು ಎರಡನೇ ಪ್ಯಾರಾದಲ್ಲಿ ಶುರುವಾಗಿ ಕೊನೆಯದರ ಹಿಂದಿನದರಲ್ಲಿ ಮುಗಿದಿರುತ್ತವೆ. ಕೊನೆಯ ಪ್ಯಾರಾದಲ್ಲಿ 'ಸಂಬಂಧಕ್ಕಿಂತ ಜಮೀನು ದೊಡ್ಡದೇ ಎಂದು ಮೇಷ್ಟ್ರು ಯೋಚಿಸಿದರು' ಅಂತ ಬಂದಿದ್ದರೆ ಅದನ್ನು ಅಳಿಸಿ. 'ಅವನಿಗೆ ಅನಿಸಿತು', 'ಅವಳಿಗೆ ನೆನಪಾಯಿತು' ಅನ್ನುವುದನ್ನೂ ಹುಡುಕಿ, ಮುಕ್ಕಾಲು ಪಾಲು ಇಲ್ಲದೆಯೇ ನಡೆಯುತ್ತದೆ. ಕಾಗುಣಿತ ತಿದ್ದುವುದು ಎಲ್ಲಕ್ಕಿಂತ ಕೊನೆಗೆ.

8. ಯಾರಿಗೆ ತೋರಿಸಬೇಕು

ಇಬ್ಬರು ಸಾಕು. ಒಬ್ಬರು ಕತೆ ಓದುವ ಅಭ್ಯಾಸ ಇರುವವರು, ಇನ್ನೊಬ್ಬರು ಆ ಊರಿನ ಮಾತು ಗೊತ್ತಿರುವವರು. 'ಹೇಗಿದೆ?' ಅಂತ ಕೇಳಿದರೆ 'ಚೆನ್ನಾಗಿದೆ' ಅನ್ನುತ್ತಾರೆ, ಅದರಿಂದ ನಿಮಗೇನೂ ಸಿಗುವುದಿಲ್ಲ. ಎಲ್ಲಿ ಬೇಜಾರಾಯಿತು, ಕೊನೆಯಲ್ಲಿ ಏನಾಯಿತು ಅಂತ ನಿಮಗೆ ಅರ್ಥವಾಯಿತು, ಯಾರ ಮಾತು ಸುಳ್ಳು ಅನಿಸಿತು ಅಂತ ಕೇಳಿ. ಅವರು ಹೇಳುವಾಗ ವಿವರಣೆ ಕೊಡಬೇಡಿ, ಬರೆದುಕೊಳ್ಳಿ. ತೊಂದರೆ ಇದೆ ಅಂತ ಅವರು ತೋರಿಸಿದ ಜಾಗ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಅದಕ್ಕೆ ಅವರು ಹೇಳುವ ಪರಿಹಾರ ಮಾತ್ರ ನಿಮ್ಮ ಕತೆಗೆ ಹೊಂದಬೇಕೆಂದಿಲ್ಲ.

9. ಕಳಿಸುವುದು

'ಮಯೂರ', 'ತುಷಾರ', 'ಸುಧಾ', 'ತರಂಗ' ಮತ್ತು ದಿನಪತ್ರಿಕೆಗಳ ಭಾನುವಾರದ ಪುರವಣಿ, ಇವು ಮೊದಲ ಬಾಗಿಲುಗಳು. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥವು ಪ್ರಕಟಣೆ ಹೊರಡಿಸಿದಾಗ ಪದಮಿತಿ, ಕೊನೆಯ ದಿನಾಂಕ, ಫಾಂಟು ಎಲ್ಲವನ್ನೂ ಅಕ್ಷರ ಬಿಡದೆ ಓದಿ. ಕಳಿಸುವ ಮುಂಚೆ ಆ ಪತ್ರಿಕೆಯ ಹಿಂದಿನ ಕೆಲವು ಸಂಚಿಕೆಗಳಲ್ಲಿ ಬಂದ ಕತೆಗಳನ್ನಾದರೂ ಓದಿರಬೇಕು. ನುಡಿ ಫಾಂಟಿನಲ್ಲೇ ಬೇಕು ಅಂದಿದ್ದರೆ ಯುನಿಕೋಡ್‌ನಿಂದ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಸಾಲು ಸಾಲಾಗಿ ನೋಡಿ, ಅಲ್ಲೇ ಹೆಚ್ಚು ಕೆಡುವುದು.

ಕತೆಯನ್ನು ಮೊದಲು ಫೇಸ್‌ಬುಕ್‌ನಲ್ಲಿ ಹಾಕಿಬಿಡಬೇಡಿ. ಎಲ್ಲೂ ಪ್ರಕಟವಾಗಿರಬಾರದು ಅನ್ನುವ ನಿಯಮ ಇರುವ ಕಡೆ ಅದನ್ನೂ ಪ್ರಕಟಣೆ ಅಂತಲೇ ತೆಗೆದುಕೊಳ್ಳಬಹುದು. ಒಂದು ಕತೆ ಒಂದು ಸಲಕ್ಕೆ ಒಂದೇ ಕಡೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಕತೆಯ ಹೆಸರು, ಕಳಿಸಿದ ದಿನಾಂಕ, ಎಲ್ಲಿಗೆ ಅಂತ ಬರೆದಿಡಿ. ಉತ್ತರಕ್ಕೆ ತಿಂಗಳುಗಟ್ಟಲೆ ಆಗಬಹುದು, ಕೆಲವೊಮ್ಮೆ ಬರುವುದೇ ಇಲ್ಲ. ಆರು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಒಂದು ಸಾಲಿನ ಪತ್ರ ಬರೆದು ತಿಳಿಸಿ ಬೇರೆ ಕಡೆ ಕಳಿಸಿ. ವಾಪಸ್ ಬಂದ ಕತೆಯನ್ನು ಮುಂದಿನ ಕಡೆಗೆ ಕಳಿಸುವ ಮುಂಚೆ ಇನ್ನೊಮ್ಮೆ ಗಟ್ಟಿಯಾಗಿ ಓದಿ, ಅಷ್ಟು ದಿನ ಕಳೆದಿರುವುದರಿಂದ ಮೊದಲು ಕಾಣದಿದ್ದ ಒಂದೆರಡು ಸಾಲು ಈಗ ಕಾಣುತ್ತವೆ. ಮುಂದಿನ ಕತೆಯನ್ನು ಮಾತ್ರ ಆ ಉತ್ತರಕ್ಕೆ ಕಾಯಿಸಬೇಡಿ. ಇದನ್ನು ಕಳಿಸಿದ ವಾರವೇ ಟಿಪ್ಪಣಿ ಪುಸ್ತಕ ತೆರೆದು, ಹೆಚ್ಚು ಗುರುತು ಬಿದ್ದ ಇನ್ನೊಂದು ಸಾಲಿಗೆ ಪ್ರಶ್ನೆ ಹಾಕಲು ಶುರುಮಾಡಿ.